ಚಿಕ್ಕವೇ ಸಾಕು

"ಚಿಕ್ಕವೇ ಸಾಕಮ್ಮ, ಹುಡುಗ್ರಿಗೆ ತಿಳಿದ್ರಾತು," ಎಂದು ಚೈತ್ರಾಗೆ ಹೇಳಿ ಸುಮಂಗಲಾ ಲ್ಯಾಬಿನ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಹತ್ತಾರು ಪದಗಳ ಎರಡು ಬಹುಪದೋಕ್ತಿ, ಅಂದರೆ ಪಾಲಿನಾಮಿಯಲ್. ಅವನ್ನೇ ಮತ್ತೆ ಮತ್ತೆ ಗುಣಿಸಿ, ಇಬ್ಬರಲ್ಲಿ ಯಾರ ಪ್ರೋಗ್ರಾಂ ಬೇಗ ಮುಗಿಸುತ್ತದೆಂದು ನೋಡುವುದು.

ಬಳ್ಳಾರಿಯ ಆ ಕಾಲೇಜಿನಲ್ಲಿ ಅಲ್ಗಾರಿದಮ್ ಪಾಠವೆಂದರೆ ಸುಮಂಗಲಾ ಮೇಡಂ ಎಂದೇ ಆಗಿತ್ತು. ಸಿರುಗುಪ್ಪದ ಚೈತ್ರಾ ಹೊಸ ಮೇಡಂ ಆಗಿ ಬಂದು ಸೇರಿದ್ದೇ ತಡ, ಹುಡುಗರೆಲ್ಲ ಪಾಠ ಹೇಳಿಸಿಕೊಳ್ಳಲು ಅವಳ ಬೆನ್ನು ಬಿದ್ದರು. ಮುಂದಿನ ಸೆಮಿಸ್ಟರಿಗೆ ಆ ಪಾಠ ಯಾರಿಗೆಂದು ವಿಭಾಗದ ಮುಖ್ಯಸ್ಥ ಸುಂಕಪ್ಪನವರು ಇವತ್ತು ನೋಡಿ ಹೇಳುವವರಿದ್ದರು. ಸುಮಂಗಲಾಗೆ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗಿ ನಕ್ಕರೂ ಉರಿ, ಬಸ್ಸು ತಡವಾಗಿ ಓಡೋಡಿ ಬಂದರೂ ಉರಿ.

ಸುಮಂಗಲಾಳದು ಎಲ್ಲರೂ ಹೈಸ್ಕೂಲಿನಲ್ಲಿ ಕಲಿತ ದಾರಿ: ಇದರ ಪ್ರತಿ ಪದವನ್ನೂ ಅದರ ಪ್ರತಿ ಪದದಿಂದ ಗುಣಿಸುವುದು. ಚೈತ್ರಾ ಎರಡನ್ನೂ ಅರ್ಧರ್ಧ ಮಾಡಿ, ನಾಲ್ಕು ಗುಣಾಕಾರದ ಕೆಲಸವನ್ನು ಮೂರರಲ್ಲಿ ಮುಗಿಸುತ್ತಿದ್ದಳು. ಆ ಅರ್ಧಗಳನ್ನೂ ಮತ್ತೆ ಅರ್ಧ ಮಾಡುತ್ತ ಹೋಗುತ್ತಿದ್ದಳು. ದೊಡ್ಡವಕ್ಕೆ ಅದೇ ಬೇಗ. ಚಿಕ್ಕವಕ್ಕೆ ಕತ್ತರಿಸಿ ಜೋಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಅದು ಗೊತ್ತಿದ್ದೇ ಸುಮಂಗಲಾ ಚಿಕ್ಕವು ಸಾಕು ಎಂದಿದ್ದಳು.

ಅಂದುಕೊಂಡಂತೆ ಗೆದ್ದಳು. ಹುಡುಗರು ಚಪ್ಪಾಳೆ ತಟ್ಟಿದರು. ಚೈತ್ರಾಳ ಮುಖ ಸಣ್ಣದಾಗುವುದನ್ನು ಕಣ್ತುಂಬ ನೋಡಬೇಕೆಂದು ತಿರುಗಿದರೆ, ಅವಳು ಹಣೆ ಚಚ್ಚಿಕೊಂಡು ನಗುತ್ತಿದ್ದಳು.

"ನಂದಾ ತಪ್ಪು ಅಕ್ಕಾ! ಒಂದೊಂದ ಪದ ಉಳಿಯಾ ತನಕ ಕತ್ತರಿಸೀನಿ. ತುಣುಕು ಸಣ್ಣವಾದ ಮ್ಯಾಲೆ ನಿಮ್ಮ ದಾರಿನ ಹಿಡೀಬೇಕಿತ್ತು. ನಿಮ್ಮ ಪ್ರೋಗ್ರಾಂ ತಗೊಂಡು ಇದರಾಗ ಸೇರಿಸ್ಲೇನ್ರಿ?"

ಎಲ್ಲರೆದುರು ಇಲ್ಲ ಎನ್ನಲಾದೀತೆ? "ತಗೋ," ಎಂದಳು. ಚೈತ್ರಾ ಆಗಲೇ ಸೇರಿಸತೊಡಗಿದಳು.

"ಮೇಡಂ, ಈಗ ದೊಡ್ಡವು ಹಾಕ್ರಿ!" ಎಂದು ಹಿಂದಿನ ಸಾಲಿನಿಂದ ಆಯೇಶಾ ಕೂಗಿದಳು.

ಹತ್ತು ಲಕ್ಷ ಪದಗಳ ಎರಡು ಬಹುಪದೋಕ್ತಿ ಕೊಟ್ಟರು. ಸುಂಕಪ್ಪನವರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಚೈತ್ರಾಳ ಉತ್ತರ ಬಂತು. ಸುಮಂಗಲಾಳದು ಓಡುತ್ತಲೇ ಇತ್ತು.

"ಮುಂದಿನ ಸಲ ಈ ಪಾಠ ಚೈತ್ರಾನೇ ತಗೊಳ್ಳಿ ಬಿಡ್ರಿ," ಎಂದು ಸುಂಕಪ್ಪನವರು ಎದ್ದರು.

ಹುಡುಗರು ಚೈತ್ರಾಳನ್ನು ಒಗ್ಗರಣೆ ಮಿರ್ಚಿ ತಿನ್ನಲು ಎಳೆದುಕೊಂಡು ಹೊರಟರು. "ಅಕ್ಕಾ, ನೀವೂ ಬರ್ರಿ," ಎಂದು ಅವಳು ಬಾಗಿಲಲ್ಲಿ ನಿಂತು ಕರೆದಳು. "ನಡೀರಿ, ಬರ್ತೀನಿ," ಎಂದ ಸುಮಂಗಲಾ ಏಳಲಿಲ್ಲ. ಪ್ರೋಗ್ರಾಂ ನಿಲ್ಲಿಸಲು ಬೆರಳು ಮುಂದೆ ಮಾಡಿದವಳು ಹಿಂದೆಗೆದುಕೊಂಡಳು. ಖಾಲಿ ಲ್ಯಾಬಿನಲ್ಲಿ ಕಂಪ್ಯೂಟರಿನ ಫ್ಯಾನು ಗುಂಯ್ಗುಡುತ್ತಿತ್ತು.

ಬಹಳ ಹೊತ್ತಿಗೆ ಉತ್ತರ ಬಂತು. ಚೈತ್ರಾಳ ಉತ್ತರದೊಂದಿಗೆ ಹೋಲಿಸಿ ನೋಡಿದಳು. ಕೊನೆಯ ಅಂಕಿಯವರೆಗೂ ಒಂದೇ. ಸುಮಂಗಲಾ ಬಾಗಿಲ ಕಡೆ ನೋಡಿದಳು. ಯಾರೂ ಮರಳಿ ಬಂದಿರಲಿಲ್ಲ.