ಹಸಿರು ಚುಕ್ಕೆಯ ಜೋಡಿ

ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು, ರಿಪೇರಿಯಾಗಿ ಹೋಗಿದ್ದದ್ದು, ಮತ್ತೆ ಮೇಜಿನ ಮೇಲೆ ಬಂದು ಕೂತದ್ದು ನೋಡಿ ಅಕ್ಕನ ಮುಖ ಸಣ್ಣದಾಯಿತು. ಹಳೆಯ ಅಳತೆ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಅವಳದು. ಜೊತೆಗೆ ಕೆಲಸ ಮಾಡುವವನು ಒಡಹುಟ್ಟಿದ ತಮ್ಮ. ಅವಳ ಕೈ ದಾಟಿ ಹೋದ ಮಾಲು ಹೀಗೆ ತಿರುಗಿ ಬರುತ್ತಿರಲಿಲ್ಲ.

"ಸ್ವಿಚ್ ಹಾಕಿದಾಗ ಗೆರೆ ನೆಟ್ಟಗಿರುತ್ತಮ್ಮ," ಎಂದರು ಹೊತ್ತು ತಂದ ಭೌತಶಾಸ್ತ್ರದ ಮೇಷ್ಟ್ರು. "ಬಿಸಿಯಾಗ್ತಾ ಆಗ್ತಾ ಮೇಲಕ್ಕೆ ಹತ್ತುತ್ತೆ. ನೀವು ಹೊಸದಾಗಿ ಹಾಕಿದ ಪಾರ್ಟು ಒರಿಜಿನಲ್ಲೇ ತಾನೆ?"

ಒರಿಜಿನಲ್ಲೇ ಎಂದು ಅವಳೇ ಹೇಳಿ ಕಳಿಸಿದ್ದಳು. ಈ ಯಂತ್ರ ಮಾಡಿದ ಕಂಪನಿ ಅದರೊಳಗಿನ ಟ್ರಾನ್ಸಿಸ್ಟರುಗಳನ್ನು ತಾನು ತಯಾರಿಸುತ್ತಿರಲಿಲ್ಲ. ಬೇರೆಯವರಿಂದ ಕೊಂಡು, ಅಳೆದು, ಅವಳಿಗಳಂತೆ ನಡೆದುಕೊಳ್ಳುವ ಎರಡೆರಡನ್ನು ಆರಿಸಿ, ತನ್ನದೇ ನಂಬರು ಒತ್ತಿ ಹಸಿರು ಚುಕ್ಕೆ ಇಡುತ್ತಿತ್ತು. ಅಂಥದೊಂದು ಜೋಡಿ ಗುಜರಿಯವನ ಹತ್ತಿರ ಸಿಕ್ಕಿತು ಎಂದು ತಂದುಕೊಟ್ಟವನು ತಮ್ಮ. ಅದನ್ನೇ ಅವಳು ಈ ಯಂತ್ರಕ್ಕೆ ಹಾಕಿದ್ದಳು.

ಮೇಷ್ಟ್ರು ಹೋದ ಮೇಲೆ ಅವಳು ಆ ಜೋಡಿಯನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಳು. ನಂಬರು ಸರಿಯಾಗಿತ್ತು. ಆದರೆ ಚುಕ್ಕೆಯ ಬಣ್ಣ ಹಳೆಯ ಗೀರೊಂದರ ಒಳಕ್ಕೂ ಇಳಿದಿತ್ತು. ಗೀರು ಬಿದ್ದ ಮೇಲೆ ಇಟ್ಟ ಚುಕ್ಕೆ ಅದು. ಹತ್ತಿಗೆ ಬಣ್ಣ ಕರಗಿಸುವ ತಿನ್ನರ್ ಹಾಕಿ ಉಜ್ಜಿದರೆ ನಂಬರೇ ಅಳಿಸಿ ಹೋಯಿತು. ಕೆಳಗಿದ್ದದ್ದು ಯಾವ ಅಂಗಡಿಯಲ್ಲಾದರೂ ಸಿಗುವ ಮಾಮೂಲಿ ಟ್ರಾನ್ಸಿಸ್ಟರಿನ ನಂಬರು.

ಗುಜರಿಯವನು ತಮ್ಮನಿಗೆ ಟೋಪಿ ಹಾಕಿದನೋ, ತಮ್ಮನೇ ತನಗೆ ಹಾಕಿದನೋ? ತಾನು ಒಳಗೆ ಬಂದರೆ ಸಾಕು, ತಮ್ಮ ಡ್ರಾಯರು ಮುಚ್ಚುತ್ತಿದ್ದ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದ. ಆಗ ಏನೂ ಅನಿಸದ್ದು ಈಗ ಒಂದೊಂದೂ ಕಣ್ಣಿಗೆ ಚುಚ್ಚಿತು.

ಅವನು ಊಟಕ್ಕೆ ಹೋದದ್ದೇ ತಡ, ಡ್ರಾಯರು ಎಳೆದಳು. ಅಂಕಿ ಒತ್ತುವ ರಬ್ಬರ್ ಮೊಹರು, ಹಸಿರು ಬಣ್ಣದ ಶೀಶೆ, ಪುಟ್ಟ ಬಟ್ಟಲುಗಳ ತುಂಬ ಬೇರೆ ಬೇರೆ ಮಾಡಿಟ್ಟ ಟ್ರಾನ್ಸಿಸ್ಟರುಗಳು. ಮೋಸ ಮಾಡುವವನಿಗೆ ಇಷ್ಟು ವಿಂಗಡಿಸುವ ಉಸಾಬರಿ ಯಾಕೆ ಎಂದು ಅವಳು ಯೋಚಿಸುತ್ತಿರುವಾಗಲೇ ಬಾಗಿಲಲ್ಲಿ ದನಿ ಕೇಳಿತು.

"ಹುಡುಕಿದ್ದು ಸಿಕ್ತಾ ಅಕ್ಕ?"

"ಗುಜರಿಯವನ ಹತ್ರ ಸಿಕ್ತು ಅಂದಿದ್ದೆಯಲ್ಲೋ."

"ಅಂಥ ಜೋಡಿ ಅವನ ಹತ್ರ ಇಲ್ಲ, ಎಲ್ಲೂ ಇಲ್ಲ. ಕಂಪನಿ ಮಾಡ್ತಿದ್ದದ್ದನ್ನೇ ನಾನೂ ಮಾಡಿದೆ. ರಾಶಿ ತಂದು, ಒಂದೊಂದನ್ನೂ ಅಳೆದು ಜೋಡಿ ಮಾಡಿದೆ."

"ಅವರ ನಂಬರು ಯಾಕೆ ಒತ್ತಿದೆ?"

"ನಾನು ಆರಿಸಿದ್ದು ಅಂದ್ರೆ ನೀನು ಹಾಕ್ತಿದ್ಯಾ? ನಾನು ಒಂದು ತಂತಿ ಬೆಸೆದ್ರೂ ಹಿಂದೆ ನಿಂತು ನೋಡ್ತೀಯ."

ಅವಳಿಗೆ ನಂಬಿಕೆ ಬರಲಿಲ್ಲ. ಜೋಡಿಯನ್ನು ಒಂದೊಂದು ಮೀಟರಿಗೆ ಹಾಕಿ ಅಳೆದಳು. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ತೋರಿಸಿದವು. ತಮ್ಮ ಕೈಕಟ್ಟಿ ನಿಂತ. ಅವಳು ಬೆಸುಗೆ ಹಾಕುವ ಬಿಸಿ ಐರನ್ನನ್ನು ಎರಡಕ್ಕೂ ಸಮವಾಗಿ ಹತ್ತಿರ ಹಿಡಿದಳು. ಒಂದರ ಮುಳ್ಳು ಸರಸರನೆ ಮುಂದೆ ಓಡಿತು, ಇನ್ನೊಂದರದು ಹಿಂದೆ ಉಳಿಯಿತು.

"ತಣ್ಣಗಿದ್ದಾಗ ಮಾತ್ರ ಅಳೆದಿದ್ದೀಯ ಕಣೋ."

ತಮ್ಮನ ಕೈ ತಾನಾಗಿ ಕೆಳಗಿಳಿಯಿತು. "ಅದು ಹೊಳೀಲೇ ಇಲ್ಲ," ಎಂದ.

ತಗಡಿನ ಡಬ್ಬಿಯೊಳಗೆ ಬಲ್ಬು ಉರಿಸಿ, ಆ ಕಾವಿನಲ್ಲಿ ಇಬ್ಬರೂ ಕೂತು ಬಟ್ಟಲುಗಳನ್ನೆಲ್ಲ ಮತ್ತೆ ಅಳೆದರು. ಬಿಸಿಯಲ್ಲೂ ಕೂಡಿ ನಡೆಯುವ ಜೋಡಿ ಕೊನೆಗೂ ಸಿಕ್ಕಿತು. ಅವನು ಅಭ್ಯಾಸಬಲದಿಂದ ಮೊಹರಿಗೆ ಕೈ ಹಾಕಿದ. ಅವಳು ತಡೆದಳು.

"ಬೇಡ. ನಿನ್ನ ಗುರುತು ಏನಾದ್ರೂ ಹಾಕು."

ಆ ಜೋಡಿಯನ್ನು ಯಂತ್ರಕ್ಕೆ ಬೆಸೆದ ಮೇಲೆ ಮೇಷ್ಟ್ರನ್ನು ಕರೆಸಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವರು ಅಕ್ಕ ತಮ್ಮ ಇಬ್ಬರ ಮುಖವನ್ನೂ ನೋಡಿದರು. ಸ್ಟೂಲು ಎಳೆದುಕೊಂಡು, ಯಂತ್ರ ಚೆನ್ನಾಗಿ ಬಿಸಿಯಾಗುವವರೆಗೂ ಗೆರೆಯನ್ನೇ ನೋಡುತ್ತ ಕೂತರು. ಗೆರೆ ಕದಲಲಿಲ್ಲ. ಯಂತ್ರ ಎತ್ತಿಕೊಂಡು ಹೊರಡುವಾಗ, "ಮೊದಲೇ ಹೇಳಿದ್ದಿದ್ರೆ ನಾನೇನು ಬೇಡ ಅಂತಿದ್ನಾ?" ಎಂದಷ್ಟೇ ಹೇಳಿದರು.

ಅವರು ಹೋದ ಮೇಲೆ ಅಕ್ಕ ಕೇಳಿಯೇಬಿಟ್ಟಳು.

"ಬೇರೆ ಯಾವ ಯಂತ್ರದ ಪಾರ್ಟಿಗಾದ್ರೂ ಹೀಗೆ ಮೊಹರು ಒತ್ತಿದ್ದೀಯಾ?"

ತಮ್ಮ ಮೇಜು ಒರೆಸುತ್ತಲೇ ಇದ್ದ. ಆಮೇಲೆ ಮೆಲ್ಲಗೆ, "ರೇಡಿಯೋ ಅಂಗಡಿಯವರ ವೋಲ್ಟ್‌ಮೀಟರು," ಎಂದ.

ಅವಳು ಫೋನು ಅವನ ಮುಂದೆ ಸರಿಸಿದಳು. "ನೀನೇ ಹೇಳು ಅವರಿಗೆ."