ಮಂಚದ ಪಕ್ಕದ ಕುರ್ಚಿ

ಕರ್ರ್ ಎಂದು ಕುರ್ಚಿ ಎಳೆದ ಸದ್ದು, ಬಚ್ಚಲಿನ ಬಾಗಿಲಾಚೆಯಿಂದ, ಅಕ್ಕ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು — ಡಾಕ್ಟರೇ ಇರಬೇಕು, ಈ ಸ್ಪೆಷಲ್ ರೂಮಿನಲ್ಲಿ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತೇ ಮಾತಾಡುತ್ತಾರೆ, ಬಾಗಿಲು ತಟ್ಟಿ ಬರುತ್ತಾರೆ, ಇದೇ ಆಸ್ಪತ್ರೆಯ ದೊಡ್ಡ ಸರ್ಜನ್ ತನ್ನ ಮಗ ಎಂದರೆ ಸುಮ್ಮನೆಯೇ, ನರ್ಸ್ ಕೂಡ ಮೊದಲು ಕ್ಷಮೆ ಕೇಳಿ ಆಮೇಲೆ ಸೂಜಿ ಚುಚ್ಚುತ್ತಾಳೆ — ಬಂದೆ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಮೆತ್ತಗಿನ ಗಂಡಸಿನ ದನಿ, ಏಳ್ಬೇಡಿ ಏಳ್ಬೇಡಿ, ಮಲ್ಕೊಂಡಿರಿ, ಎಲ್ಲಿ ನೋವು ಹೇಳಿ ಅಮ್ಮ. ಅಯ್ಯೋ, ಹಾಸಿಗೆಯಲ್ಲಿರುವುದು ತಂಗಿ.

ತಾನೇ ಮಲಗಿಸಿ ಬಂದದ್ದು, ಮುಖ ತೊಳ್ಕೊಂಡು ಬರ್ತೀನಿ, ಅಷ್ಟೊತ್ತು ಬೆನ್ನು ಚಾಚು ಕಣೇ, ಬೇಡ ಅಕ್ಕ ಯಾರಾದ್ರೂ ಬೈತಾರೆ, ಬೈಯೋರು ನನ್ನ ಮಗನ್ನ ದಾಟ್ಕೊಂಡು ಬರ್ಲಿ ನೋಡೋಣ, ಎಂದು ಗದರಿಸಿ ಗಲ್ಲದ ತನಕ ಹೊದಿಸಿ — ಇಬ್ಬರದೂ ಅದೇ ಹಣೆ, ಅದೇ ಮೊಂಡು ಮೂಗು, ಮಗ ಬೇರೆ ಕಡೆಯಿಂದ ಕರೆಸಿದ ಹೃದಯದ ಡಾಕ್ಟರಿಗೆ ಯಾರು ಯಾರೆಂದು ಹೇಗೆ ಗೊತ್ತಾಗಬೇಕು. ತನ್ನ ಎದೆ ಚುರ್ ಎಂದಿದ್ದಕ್ಕೆ ಕರೆಸಿದ್ದು, ಬರೀ ಚುರ್, ಅಷ್ಟಕ್ಕೇ ಈ ಯಂತ್ರಗಳೆಲ್ಲ. ತಂಗಿಯೋ ಮೆಟ್ಟಿಲಿಗೊಮ್ಮೆ ನಿಲ್ಲುತ್ತಾಳೆ, ಏನಿಲ್ಲ ಅಕ್ಕ, ಸೆರಗು ಸರಿಮಾಡ್ಕೊಂಡೆ ಅಷ್ಟೇ. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ, ಅಲ್ಲಿಂದಲೇ ದವಾಖಾನೆಗೆ ಹೋಗಿದ್ದಳಂತೆ, ಅಲ್ಲಿ ರೋಗಿಗೆ ಕುರ್ಚಿಯೇ ಇಲ್ಲ, ನಿಂತುಕೊಂಡೇ ಹೇಳಬೇಕು, ಎದೆ ಅನ್ನುವಷ್ಟರಲ್ಲೇ ಗ್ಯಾಸು ಎಂದು ಚೀಟಿ ಬಂತಂತೆ. ಪಾಪ ಅವರಾದ್ರೂ ಏನ್ಮಾಡ್ತಾರೆ, ನನ್ನ ಹಿಂದೆ ಅಷ್ಟುದ್ದ ಕ್ಯೂ ಇತ್ತು ಎಂದು ಇವಳೇ ಅವರ ಪರ ವಹಿಸಿದಳು, ಹುಚ್ಚಿ, ಮುದ್ದು ಹುಚ್ಚಿ, ಸಣ್ಣವಳಿದ್ದಾಗಲೂ ಹಾಗೇ, ಎಡವಿ ಬಿದ್ದರೆ ಕಲ್ಲಿಗೆ ನೋವಾಯಿತೇನೋ ಎಂದು ನೋಡುವವಳು. ಗ್ಯಾಸು ಎಂದರೆ ಅಕ್ಕನೂ ಗ್ಯಾಸು ಎಂದೇ ನಂಬಿದ್ದಳು.

ನಾನಲ್ಲ ಸಾರ್, ನಾನು — ತಂಗಿಯ ದನಿ ತೊದಲುತ್ತದೆ. ಗಾಬರಿ ಬೇಡ, ನಿಧಾನಕ್ಕೆ ಹೇಳಿ, ನಾನು ಇಲ್ಲೇ ಕೂತಿದೀನಲ್ಲ. ಈಗ ಅಳುತ್ತಾಳೆ, ಈಗ ಎದ್ದು ನಿಲ್ಲುತ್ತಾಳೆ, ಬಿಳಿ ಕೋಟು ಕಂಡರೆ ಎದ್ದು ನಿಲ್ಲುವುದೇ ಅವಳ ಜಾಯಮಾನ — ಇಲ್ಲ, ಏಳಲಿಲ್ಲ, ಹೇಳುತ್ತಿದ್ದಾಳೆ, ಇಲ್ಲಿ ಸಾರ್, ಕಲ್ಲು ಹೇರಿದಂಗೆ, ಮಿಷನ್ ಮುಂದೆ ಕೂತಾಗ ಎಡಗೈ ಮರಗಟ್ಟುತ್ತೆ, ಬೆವರು ಬಟ್ಟೆಗೆ ಬಿದ್ದು ಸೂಪರ್‌ವೈಸರ್ ಬೈತಾರೆ, ಮಲಗಿದ್ರೆ ಉಸಿರು ಸಿಗಲ್ಲ, ಗೋಡೆಗೆ ಒರಗೇ ನಿದ್ದೆ ಮಾಡ್ತೀನಿ. ಅಕ್ಕನ ಕೈ ಚಿಲಕದ ಮೇಲೇ ನಿಂತಿತು. ಇದೊಂದನ್ನೂ ಅವಳು ಅಕ್ಕನಿಗೆ ಹೇಳಿರಲಿಲ್ಲ. ಈಗ ಬಾಗಿಲು ತೆಗೆದರೆ ಚಂಗನೆ ಎದ್ದುಬಿಡುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ, ತೆಗೆಯಬಾರದು, ಕೆಮ್ಮಲೂಬಾರದು, ಹೇಳು ಪುಟ್ಟಿ, ಎಲ್ಲ ಹೇಳು — ಇಷ್ಟು ದಿನ ಯಾಕೆ ಸುಮ್ನಿದ್ರಿ ಅಮ್ಮ, ಡಾಕ್ಟರ ದನಿ ಬದಲಾಗಿದೆ, ತಕ್ಷಣ ಇಸಿಜಿ ಮಾಡ್ಸೋಣ — ಯಾರೂ ಇಷ್ಟೊತ್ತು ಕೇಳಿಸ್ಕೊಳ್ಳಿಲ್ಲ ಸಾರ್.

ಬಾಗಿಲು ತಟ್ಟಿದ ಸದ್ದು, ನರ್ಸಿನ ಚಪ್ಪಲಿಯ ಸದ್ದು, ಅಯ್ಯೋ ಸಾರ್, ಪೇಷಂಟ್ ಇವರಲ್ಲ, ಇವರು ಅವರ ತಂಗಿ, ನೋಡ್ಕೊಳ್ಳೋಕೆ ಬಂದಿರೋರು. ತಪ್ಪಾಯ್ತು ಸಾರ್, ತಪ್ಪಾಯ್ತು, ಮಂಚ ಕಿರುಗುಟ್ಟಿತು, ಕರ್ರ್, ಕುರ್ಚಿ ಹಿಂದಕ್ಕೆ — ಅಕ್ಕನಿಗೆ ಎದೆಯಲ್ಲಿ ಆ ಚುರ್, ಚಿಲಕ ಸರಿಸಿದ್ದೂ ತಿಳಿಯಲಿಲ್ಲ, ಒದ್ದೆ ಮುಖದಲ್ಲೇ ಹೊರಬಂದು ನಿಂತಳು, ಕೂತ್ಕೊಳ್ಳಿ ಡಾಕ್ಟ್ರೇ, ನಂದೇನೂ ಅವಸರ ಇಲ್ಲ, ಅವಳ್ದು ಇನ್ನೂ ಮುಗ್ದಿಲ್ಲ. ಡಾಕ್ಟರು ಎದ್ದು ನಿಂತಿದ್ದಾರೆ, ಒಂದು ಕೈ ಇನ್ನೂ ತಂಗಿಯ ನಾಡಿಯ ಮೇಲೆ, ಇನ್ನೊಂದು ಕುರ್ಚಿಯ ಬೆನ್ನ ಮೇಲೆ, ಕುರ್ಚಿ ಮಂಚದಿಂದ ಒಂದು ಮೊಳ ದೂರ, ಒಂದೇ ಮೊಳ, ಎಳೀರಿ, ಈಚೆಗೆ ಎಳೀರಿ, ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು — ಕರ್ರ್ — ಕುರ್ಚಿ, ಮಂಚದ ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ, ಕುರ್ಚಿ —