ಬೆಚ್ಚಗಿನ ನೀರು

"ಸ್ವಲ್ಪ ತಡೀರಿ. ಅವರನ್ನ ಕೇಳಿದ್ರಾ?" ಈಜು ಕಲಿಸುವಾಕೆ ಮೆಲ್ಲಗೆ ಕೇಳಿದಳು.

ಗಾಲಿಕುರ್ಚಿಯಲ್ಲಿದ್ದ ಹೆಂಡತಿಯ ಬೆನ್ನ ಹಿಂದೊಂದು, ಮೊಣಕಾಲಿನ ಕೆಳಗೊಂದು ಕೈ ಹಾಕಿ ಬಗ್ಗಿದ್ದವನು ಹಾಗೇ ನಿಂತ. ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಅವನಿಗೆ ಕೆಲಸ. ಬೀರುವಾಗಲಿ ಫ್ರಿಜ್ಜಾಗಲಿ, ಒಂದು ಗೀರು ಬೀಳದಂತೆ ಇಳಿಸುವುದರಲ್ಲಿ ಎತ್ತಿದ ಕೈ. ಹೆಂಡತಿಯ ಕಾಲುಗಳು ಸ್ವಾಧೀನ ತಪ್ಪಿದಂದಿನಿಂದ ಅವಳನ್ನೂ ಹಾಗೇ ಎತ್ತಿ ಇಳಿಸಿದ್ದ. ಬೇರೆ ಯಾರಿಗೂ ಮುಟ್ಟಗೊಟ್ಟವನಲ್ಲ.

"ಏನ್ ಕೇಳೋದು? ನನ್ ಹೆಂಡ್ತಿ," ಎಂದ.

"ಎತ್ತಲಾ ಅಂತ. ಅವರು ಹೂಂ ಅಂದ್ಮೇಲೆ ಎತ್ತಿ. ಇಲ್ಲಿ ಎಲ್ಲರಿಗೂ ಅದೇ."

ಪಾಳುಬಿದ್ದಿದ್ದ ಈಜುಕೊಳವನ್ನು ಬಡಾವಣೆಯ ಸಂಘದವರು ಬಾಡಿಗೆಗೆ ಹಿಡಿದು, ಒಂದು ಕಡೆಯ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿ, ನೀರನ್ನು ಬೆಚ್ಚಗಿಟ್ಟಿದ್ದರು. ಕೈಲಾದವರು ಕೈಲಾದಷ್ಟು ಕೊಡುತ್ತಿದ್ದರು, ಆಗದವರು ಸುಮ್ಮನೆ ಬರುತ್ತಿದ್ದರು. ಗಾಜಿನ ಸೂರಿನಿಂದ ಮಧ್ಯಾಹ್ನದ ಬೆಳಕು ನೀರಿಗಿಳಿದು, ನೀರಿನಿಂದ ಗೋಡೆಗೆ ಹತ್ತಿ, ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಅಲೆಯುತ್ತಿತ್ತು. ಕಣ್ಣು ಕಾಣದ ಮುದುಕರೊಬ್ಬರು ಹಗ್ಗದ ಗುಂಟ ಈಜುತ್ತಿದ್ದರು. ಇಲ್ಲಿ ಯಾರು ಮಾತಾಡಿದರೂ ಮಾತು ಎಲ್ಲೋ ದೂರದಿಂದ ತೇಲಿ ಬಂದಂತೆ ಕೇಳುತ್ತಿತ್ತು.

ಅವನಿಗೆ ನಗು ಬಂತು, ಸಿಟ್ಟೂ ಬಂತು. ಕೇಳಿದರೆ ನನ್ನದೇನು ಗಂಟು ಹೋಗುತ್ತದೆ ಎಂದುಕೊಂಡು, "ಎತ್ತಲೇನೇ?" ಎಂದ.

ಹೆಂಡತಿ ನೀರನ್ನೇ ನೋಡುತ್ತಿದ್ದಳು.

"ಬೇಡ ರೀ. ಆ ಕುರ್ಚಿ ಇದ್ಯಲ್ಲ, ಅದ್ರಲ್ಲೇ ಇಳೀತೀನಿ."

ನೀರಿಗಿಳಿಯುವ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಪಕ್ಕಕ್ಕಿಟ್ಟು, ನಡುವೆ ಹಲಗೆ ಹಾಸಿದರು. ಅವಳು ತೋಳೂರಿ ಹಲಗೆಯ ಮೇಲೆ ಜರುಗಿ, ಉಸಿರು ತೆಗೆದುಕೊಂಡು, ಮತ್ತೆ ಜರುಗಿದಳು. ಅವನಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದ. ನೋಡುತ್ತ ನಿಂತವನಿಗೆ ಜೀವ ಹಿಡಿಯಷ್ಟಾಯಿತು. ಕುರ್ಚಿ ಇಳಿಜಾರಿನಲ್ಲಿ ಉರುಳಿತು. ನೀರು ಅವಳ ಸೊಂಟಕ್ಕೆ, ಎದೆಗೆ ಬಂತು. ಗಾಳಿ ತುಂಬಿದ ದಿಂಬು ಕತ್ತಿನ ಹಿಂದೆ ಕೂತಿತು.

"ಬಿಡಲಾ?" ಎಂದಳು, ಬೆನ್ನಿಗೆ ಕೈಯಾನಿಸಿ ಅವಳನ್ನು ಕುರ್ಚಿಯಿಂದ ಬಿಡಿಸಿದ್ದ ಈಜು ಕಲಿಸುವಾಕೆ.

"ಹೂಂ."

ಅವಳು ತೇಲಿದಳು. ಯಾರ ಕೈಯೂ ಅವಳ ಕೆಳಗಿರಲಿಲ್ಲ. ತನ್ನ ಕೈಯೇ ಬೇಡವಾದರೆ ತಾನು ಅವಳಿಗೆ ಇನ್ನೇನು? ಪ್ಯಾಂಟು ಮಡಿಸುವುದನ್ನೂ ಮರೆತು ನೀರಿಗಿಳಿದ.

"ನಾನು ಎತ್ತಿದ್ರೆ ನೋಯ್ತಿತ್ತಾ?" ಎಂದು ಕೇಳಿದ.

"ಇಲ್ಲಪ್ಪ. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ." ಅವಳು ಸೂರು ನೋಡುತ್ತಲೇ ಹೇಳಿದಳು. "ಬಿಸಿಲಲ್ಲಿ ಕೂತಿದ್ರೆ ಎತ್ತಿ ನೆರಳಿಗೆ ಹಾಕ್ತೀರಿ. ಕಿಟಕಿ ಹತ್ರ ಇದ್ರೆ ಎತ್ತಿ ಊಟಕ್ಕೆ ಕೂರಿಸ್ತೀರಿ. ಬೀರುನೂ ಹೀಗೇ ಅಲ್ವಾ?"

ನಗುತ್ತಲೇ ಹೇಳಿದ್ದಳು. ಅವನಿಗೆ ನಗಲಾಗಲಿಲ್ಲ.

"ಒಂದಿನ ಬಾಯಿಬಿಟ್ಟು ಹೇಳಬಾರದಿತ್ತಾ?"

"ಬೆನ್ನಿಗೆ ಮುಲಾಮು ಹಚ್ಕೊಂಡು ಮಲಗ್ತಿದ್ರಿ. ಹೇಗ್ ಹೇಳ್ಲಿ?"

ಬೆಳಕು ಅವಳ ಹಣೆಯ ಮೇಲಿನಿಂದ ಅವನ ಭುಜಕ್ಕೆ ಹಾದು ಹೋಯಿತು. ಅವಳ ಕೂದಲು ಬಿಚ್ಚಿಕೊಂಡು ನೀರಿನಲ್ಲಿ ಹರಡಿತ್ತು. ಮದುವೆಯಾದ ಹೊಸತರಲ್ಲಿ ಅವಳು ನಿದ್ದೆ ಮಾಡುವಾಗ ಹೀಗೇ ದಿಂಬಿನ ತುಂಬ ಹರಡಿರುತ್ತಿತ್ತು. ಎಚ್ಚರವಾದೀತೆಂದು ಆಗ ಅವನು ಮಗ್ಗುಲೂ ಬದಲಿಸುತ್ತಿರಲಿಲ್ಲ. ಅಷ್ಟು ನಾಜೂಕಾಗಿದ್ದವನು ಯಾವಾಗ ಹೀಗಾದೆ ಎಂದು ಅವನಿಗೆ ನಾಚಿಕೆಯಾಯಿತು.

ಹೊತ್ತಾಯಿತೆಂದು ಒಬ್ಬೊಬ್ಬರೇ ಮೇಲೆ ಹತ್ತತೊಡಗಿದರು. ಅವನ ತೋಳುಗಳು ತಾವಾಗೇ ಅವಳ ಕಡೆ ಚಾಚಿದವು. ಹಿಂದಕ್ಕೆ ಎಳೆದುಕೊಂಡ.

"ಹೊರಡೋಣ್ವಾ?"

ಅವಳು ಕಣ್ಣು ಮುಚ್ಚಿದ್ದಳು. ಅವನು ಎದೆಮಟ್ಟದ ನೀರಿನಲ್ಲಿ ಕಾದು ನಿಂತ. ತೇಲುತ್ತ ಬಂದ ಅವಳ ಪಾದ ಅವನ ಅಂಗಿಗೆ ತಾಗಿ ನಿಂತಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.